ಉಳಿದ ಪಾವು ಅಕ್ಕಿ ಎಲ್ಲಿಗೆ ಹೋಗಬೇಕು?

ಪಾಸ್ಖ ಹಬ್ಬಕ್ಕೆ ಮುಂಚೆ ಕ್ರೈಸ್ತರಾದ ನಾವು ಆಚರಿಸುವ 40 ದಿನಗಳ ತಪಸ್ಸು ಕಾಲ ಹತ್ತಿರ ಬಂದಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವ ಕಾಗದಗಳಲ್ಲಿ ಊಟದ ಪ್ರಶ್ನೆಗಳೇ ಹೆಚ್ಚಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಸ್ವಾಮಿ, ನಮ್ಮ ಮನೆ ಇರುವುದು ವರದಹಳ್ಳಿಗೆ ಹೋಗುವ ದಾರಿಯಲ್ಲಿ. ಪಕ್ಕದ ಮನೆಯ ಅಮ್ಮ ಏಕಾದಶಿಯ ದಿನ ನೀರನ್ನೂ ಮುಟ್ಟುವುದಿಲ್ಲ. "ನಿಮ್ಮಲ್ಲಿ ಉಪವಾಸ ಅಂದ್ರೆ ಒಂದ್ಹೊತ್ತು ಹೊಟ್ಟೆ ತುಂಬಾ ಉಣ್ಣೋದಲ್ವಾ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೂ ನನಗೆ ನಾಟಿತು. ನನಗೆ 54 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಈ ಸಲ 40 ದಿನವೂ ಸಂಜೆಯವರೆಗೆ ಬರೀ ನೀರಿನಲ್ಲಿ ಇರಬೇಕು ಅಂದುಕೊಂಡಿದ್ದೇನೆ. ಯಜಮಾನರು ಬೇಡವೇ ಬೇಡ ಅನ್ನುತ್ತಾರೆ.

ಉತ್ತರ: ತಾಯಿ, ನಿಮ್ಮ ಯಜಮಾನರ ಮಾತು ಕೇಳಿ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಏಕಾಏಕಿ ಕುಸಿಯಬಹುದು. ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ಒಲೆಯ ಮುಂದೆಯೋ ಬಾವಿಯ ಕಟ್ಟೆಯ ಮೇಲೋ ಹಾಗಾದರೆ ಗತಿಯೇನು? ಔಷಧಿ ಕೊಡುವ ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬೇಡಿ. ಧರ್ಮಸಭೆಯೂ ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕೊಟ್ಟಿದೆ. ಅದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳುವುದೂ ವಿಧೇಯತೆಯೇ.

ನಿಯಮವನ್ನು ಒಮ್ಮೆ ನೋಡೋಣ. ಈಗ ಚಾಲ್ತಿಯಲ್ಲಿರುವುದಕ್ಕೆ ಬುನಾದಿ ಹಾಕಿದವರು ಆರನೆಯ ಪೌಲ್ ಜಗದ್ಗುರುಗಳು, 1966ರಲ್ಲಿ. ಆಮೇಲೆ 1983ರ ಧರ್ಮಸಭೆಯ ಕಾನೂನು ಅದನ್ನೇ ಬಹುಮಟ್ಟಿಗೆ ಉಳಿಸಿಕೊಂಡಿತು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಕಡ್ಡಾಯ. 18 ತುಂಬಿದವರಿಂದ ಹಿಡಿದು 59 ತುಂಬುವವರೆಗೆ ಅದು ಎಲ್ಲರಿಗೂ ಅನ್ವಯಿಸುತ್ತದೆ. ಒಂದು ಪೂರ್ತಿ ಊಟ ಮಾಡಬಹುದು, ಉಳಿದ ಎರಡು ಹೊತ್ತು ಅಲ್ಪಾಹಾರ, ಆ ಎರಡೂ ಸೇರಿದರೂ ಒಂದು ಊಟದಷ್ಟಾಗಬಾರದು. ಮಾಂಸ ಬಿಡುವ ನಿಯಮ 14 ತುಂಬಿದವರಿಂದ ಶುರು. ಪಕ್ಕದ ಮನೆಯ ಅಮ್ಮ ಹೇಳಿದ್ದು ನಿಯಮದ ಮಟ್ಟಿಗೆ ಸುಳ್ಳಲ್ಲ. ಅವರ ವ್ರತ ನಮ್ಮದಕ್ಕಿಂತ ಕಠಿಣ ಎಂದು ಒಪ್ಪಿಕೊಂಡರೆ ನಿಮ್ಮ ಮರ್ಯಾದೆಗೇನೂ ಕುಂದಿಲ್ಲ.

ಆದರೆ ನಮ್ಮ ಉಪವಾಸದ ತೂಕ ಇರುವುದು ಬೇರೆ ಕಡೆ. ಎರಡನೆಯ ಶತಮಾನದಲ್ಲಿ ರೋಮಿನ ಹೆರ್ಮಾಸ್ ಎಂಬ ಸಾಮಾನ್ಯ ವಿಶ್ವಾಸಿ 'ಕುರುಬ' ಎಂಬ ಪುಸ್ತಕ ಬರೆದ. ಉಪವಾಸದ ದಿನ ರೊಟ್ಟಿ, ನೀರು ಮಾತ್ರ ಸಾಕು; ಆವತ್ತು ನೀನು ಉಣ್ಣಬೇಕಾಗಿದ್ದ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತು ಎಂದು ಲೆಕ್ಕ ಹಾಕಿ, ಅಷ್ಟನ್ನೂ ವಿಧವೆಗೋ ಅನಾಥನಿಗೋ ಕೊಡು ಎನ್ನುವುದು ಅವನ ಮಾತಿನ ಸಾರ. ನಾನು ಇಷ್ಟು ವರ್ಷ ಓದಿದ್ದರಲ್ಲಿ ಉಪವಾಸದ ಬಗ್ಗೆ ಇದಕ್ಕಿಂತ ನೇರವಾದ ಮಾತು ಕಂಡಿಲ್ಲ. ಹಸಿವಿನಿಂದ ಉಳಿದದ್ದು ನಮ್ಮ ಡಬ್ಬಿಯಲ್ಲೇ ಕೂತರೆ ಅದು ಮಿತವ್ಯಯ. ಇನ್ನೊಬ್ಬರ ತಟ್ಟೆಗೆ ಹೋದರೆ ಉಪವಾಸ.

ಹಾಗಾಗಿ ನಿಮಗೆ ಒಂದು ದಾರಿ ಹೇಳುತ್ತೇನೆ. ಮೂರು ಹೊತ್ತೂ ಡಾಕ್ಟರು ಹೇಳಿದಷ್ಟು ಉಣ್ಣಿ. ಸಂಜೆಯ ಕಾಫಿ ಜೊತೆಗಿನ ಕುರುಕಲು, ಭಾನುವಾರದ ಕೋಳಿ ಬಿಡಿ. ಭಾನುವಾರಗಳು 40ರ ಲೆಕ್ಕಕ್ಕೆ ಸೇರುವುದಿಲ್ಲ, ಆದರೂ ಬಿಡಬಹುದು. ದಿನಕ್ಕೊಂದು ಪಾವು ಅಕ್ಕಿ ಬೇರೆ ಡಬ್ಬಿಗೆ ಅಳೆದು ಹಾಕಿ. ನಾಲ್ಕು ಪಾವಿಗೆ ಒಂದು ಸೇರು, 40 ದಿನಕ್ಕೆ ಹತ್ತು ಸೇರು. ಪಾಸ್ಖ ಹಬ್ಬಕ್ಕೆ ಮುಂಚೆ ಅದು ಯಾರ ಮನೆಗೆ ಹೋಗಬೇಕೆಂದು ನಿಮಗೇ ಗೊತ್ತಿರುತ್ತದೆ. ಪಕ್ಕದ ಮನೆಯ ಅಮ್ಮನಿಗೆ ಇದನ್ನು ಹೇಳಬೇಕಾಗಿಲ್ಲ. ಉಪವಾಸ ಮಾಡುವಾಗ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಯೇಸುಸ್ವಾಮಿ ಹೇಳಿದ್ದು ಇದಕ್ಕೇ.

ಪ್ರಶ್ನೆ: ನಾನು ಸಾಗರದಲ್ಲಿ ಡಿಗ್ರಿ ಓದುತ್ತಿದ್ದೇನೆ. ತಪಸ್ಸು, ಸನ್ಯಾಸ, ಸರಳ ಬದುಕು ಇವೆಲ್ಲ ಈ ಮಣ್ಣಿನವು, ಕ್ರೈಸ್ತರಿಗೆ ಪರಿಚಯವಿಲ್ಲದವು ಎಂದು ಗೆಳೆಯರು ವಾದ ಮಾಡುತ್ತಾರೆ. ಏನು ಹೇಳಲಿ?

ಉತ್ತರ: ಮೊದಲು ವಾದ ಬಿಡು. ಸಾಗರದಲ್ಲಿ ಓದುತ್ತಿದ್ದೀಯಲ್ಲ, ಒಂದು ದಿನ ಅದೇ ಗೆಳೆಯರ ಜೊತೆ ವರದಪುರಕ್ಕೆ, ಅಂದರೆ ವರದಹಳ್ಳಿಗೆ, ಹೋಗಿ ಬಾ. ಲಾಡ್ ಚಿಂಚೋಳಿಯಲ್ಲಿ 1908ರಲ್ಲಿ ಹುಟ್ಟಿದ ಶ್ರೀಧರ ಸ್ವಾಮಿಗಳು ಸಮರ್ಥ ರಾಮದಾಸರ ಪರಂಪರೆಯ ಸನ್ಯಾಸಿ. ಎಲ್ಲೆಲ್ಲೋ ಸಂಚರಿಸಿ ಕೊನೆಗೆ ವರದಹಳ್ಳಿಯ ಆ ಗುಡ್ಡದಲ್ಲಿ ನೆಲೆನಿಂತು, 1973ರಲ್ಲಿ ಅಲ್ಲೇ ದೇಹ ಬಿಟ್ಟರು. ಏನನ್ನೂ ತನ್ನದೆಂದು ಇಟ್ಟುಕೊಳ್ಳದೆ ಬದುಕಿದವರ ಜಾಗದಲ್ಲಿ ಕೈಮುಗಿದು ನಿಂತರೆ ನಿನ್ನ ವಿಶ್ವಾಸಕ್ಕೆ ಚ್ಯುತಿ ಬರುವುದಿಲ್ಲ. ಒಳ್ಳೆಯದನ್ನು ಒಳ್ಳೆಯದೆಂದು ಗುರುತಿಸುವುದು ನಮ್ಮ ಕರ್ತವ್ಯವೇ.

ಇನ್ನು ನಮ್ಮವರ ಕಥೆ. ಈಜಿಪ್ಟಿನ ಮರಳುಗಾಡಿನಲ್ಲಿ ಮೂರನೆಯ ಶತಮಾನದ ಹೊತ್ತಿಗೇ ಅಂತೋಣಿಯಂಥವರು ಆಸ್ತಿ ಮಾರಿ ಬಡವರಿಗೆ ಹಂಚಿ ತಪಸ್ಸಿಗೆ ಕೂತಿದ್ದರು. ಅದು ದೂರದ ಮಾತಾಯಿತು. ಕನ್ನಡ ನಾಡಿನಲ್ಲೇ ನೋಡು: 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದ ಯೇಸು ಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಇಟಲಿಯವರು. ಅವರು ಮತ್ತು ಮೈಸೂರು ಮಿಷನ್ನಿನಲ್ಲಿ ಅವರ ನಂತರ ಬಂದವರು ಸನ್ಯಾಸಿಗಳ ಉಡುಗೆ ಉಟ್ಟರು, ಮಾಂಸ ಬಿಟ್ಟರು. ಕನ್ನಡ ಕಲಿತು, ಕನ್ನಡಕ್ಕೆ ವ್ಯಾಕರಣ ಬರೆಯುವಷ್ಟು ಕಲಿತರು. ಟಿಪ್ಪು ಮಡಿದ ಮೇಲೆ ಅದೇ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿನ ಅಬ್ಬೆ ದುಬಾಯ್ ಉಡುಗೆತೊಡುಗೆಯಲ್ಲಿ, ನಡೆಯಲ್ಲಿ ಇಲ್ಲಿಯವರಂತೆಯೇ ಬದುಕಿ 1823ರಲ್ಲಿ ಊರಿಗೆ ಮರಳಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರು ಬಡ ರೈತರಿಗೆ ನೆಲೆ ಮಾಡಿಕೊಟ್ಟರು, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದರು. ನನಗೆ ಅವರ ಉಡುಗೆಗಿಂತ ಆ ಓಡಾಟವೇ ದೊಡ್ಡದಾಗಿ ಕಾಣುತ್ತದೆ. ಬೆಂಗಳೂರಿನ ಕೆಂಗೇರಿ ಹತ್ತಿರ ಬೆನೆಡಿಕ್ಟ್ ಸಭೆಯವರ ಆಶೀರ್ವನಂ ಮಠವಿದೆ. ಪರೀಕ್ಷೆ ಮುಗಿದ ಮೇಲೆ ಅಲ್ಲಿ ಒಂದೆರಡು ದಿನ ಮೌನವಾಗಿದ್ದು ಬಾ.

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕುಟುಂಬ. ಹೆಂಡತಿ ಮಂಗಳೂರು ಕಡೆಯ ಲ್ಯಾಟಿನ್ ಸಂಪ್ರದಾಯದವಳು. ನಮ್ಮದು ಐವತ್ತು ನೋಂಬು, ಸೋಮವಾರವೇ ಶುರು. ಅವಳದು ಬುಧವಾರ ಶುರು. ಅಮ್ಮ ಮೀನು, ಮೊಟ್ಟೆ, ಹಾಲು ಏನೂ ಬೇಡ ಅನ್ನುತ್ತಾರೆ. ಇವಳು ಮೀನು ತಪ್ಪಲ್ಲ ಅನ್ನುತ್ತಾಳೆ. ಯಾರು ಸರಿ?

ಉತ್ತರ: ಇಬ್ಬರೂ ಸರಿ. ಇದು ಇಬ್ಬರನ್ನೂ ಸಮಾಧಾನ ಮಾಡಲು ಹೇಳಿದ್ದಲ್ಲ, ಕಾನೂನೇ ಹಾಗಿದೆ. ಗಂಡ ಹೆಂಡತಿ ಬೇರೆ ಬೇರೆ ಸಂಪ್ರದಾಯದವರಾದರೆ, ಹಬ್ಬ ಮತ್ತು ಉಪವಾಸದ ದಿನಗಳ ವಿಷಯದಲ್ಲಿ ಎರಡರಲ್ಲಿ ಯಾವುದಾದರೊಂದನ್ನು ಅನುಸರಿಸಬಹುದು ಎಂದು ಪೂರ್ವ ಧರ್ಮಸಭೆಗಳ ಕಾನೂನಿನ 883ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ.

ನಿಮ್ಮ ಅಮ್ಮನ ನೋಂಬನ್ನು ಮಾತ್ರ ಮನೆಯಲ್ಲಿ ಉಳಿಸಿಕೊಳ್ಳಿ ಎನ್ನುವುದು ನನ್ನ ಆಸೆ. ನೋಂಬು ಮಲಯಾಳದ ಪದ, ನಮಗೆ ಹೊರಗಿನದು ಎಂದುಕೊಳ್ಳಬೇಡಿ. ನಿಮ್ಮ ತಾಲ್ಲೂಕಿನ ಹುಂಚದ ಜೈನರನ್ನು ಕೇಳಿ. ವ್ರತಕ್ಕೆ ಅವರ ಹಳೆಯ ಮಾತು ನೋಂಪಿ. ಎರಡಕ್ಕೂ ಬೇರು ಒಂದೇ. ಸುರಿಯಾನಿ ಕ್ರೈಸ್ತರ ಪಂಚಾಂಗದಲ್ಲಿ ಈ ಐವತ್ತಲ್ಲದೆ ನಿನೆವೆಯ ಮೂರು ದಿನದ ನೋಂಬು, ಸೆಪ್ಟೆಂಬರ್ ಮೊದಲ ಎಂಟು ದಿನ ಮಾತೆಯ ಹೆಸರಲ್ಲಿ ಎಟ್ಟು ನೋಂಬು, ಕ್ರಿಸ್ಮಸ್‌ಗೆ ಮುಂಚೆ 25 ದಿನದ್ದು, ಹೀಗೆ ವರ್ಷಪೂರ್ತಿ ಹರಡಿಕೊಂಡಿವೆ. ಲ್ಯಾಟಿನ್ ಸಂಪ್ರದಾಯದ ನಾವು ಕಾಲಕಾಲಕ್ಕೆ ಸಡಿಲಿಸುತ್ತ ಬಂದು ಎರಡು ದಿನಕ್ಕೆ ನಿಂತಿದ್ದೇವೆ. ನಿಮ್ಮ ಅಮ್ಮನ ಕೈಯಲ್ಲಿರುವುದು ನಾವು ಕಳೆದುಕೊಂಡ ಗಂಟು.

ಮೀನಿನ ಬಗ್ಗೆ ಒಂದು ಮಾತು. ಲ್ಯಾಟಿನ್ ನಿಯಮದಲ್ಲಿ ಮೀನು ಮಾಂಸವಲ್ಲ, ನಿಜ. ಆದರೆ ಶುಕ್ರವಾರ ಕೋಳಿ ಬಿಟ್ಟು ಅದಕ್ಕಿಂತ ದುಬಾರಿಯ ಅಂಜಲ್ ತಂದು ಹುರಿದರೆ ನಿಯಮ ಉಳಿಯುತ್ತದೆ, ಉಪವಾಸ ಉಳಿಯುವುದಿಲ್ಲ. ಒಂದೇ ಮನೆಯಲ್ಲಿ ಒಂದೇ ಪಾತ್ರೆಯಲ್ಲಿ ಗಂಜಿ ಬೇಯಲಿ. ಜೊತೆಗೆ ಹೆಸರುಕಾಳಿನ ಪಲ್ಯ, ಆ ಹೊತ್ತಿಗೆ ಸಿಗುವ ಅಪ್ಪೆಮಿಡಿ ಇದ್ದರೆ ಯಾವ ಸಂಪ್ರದಾಯದವರಿಗೂ ಅಡ್ಡಿಯಿಲ್ಲ.

ಪ್ರಶ್ನೆ: ಬೆಳಿಗ್ಗೆ ಕಾಫಿ ಕುಡಿದು ಬಲಿಪೂಜೆಗೆ ಹೋಗಬಹುದೇ?

ಉತ್ತರ: ಪರಮಪ್ರಸಾದ ಸ್ವೀಕರಿಸುವುದಕ್ಕೆ ಒಂದು ಗಂಟೆ ಮುಂಚೆ ಮುಗಿದಿದ್ದರೆ ಸರಿ. ನೀರು, ಔಷಧಿಗೆ ತಡೆಯಿಲ್ಲ. ಹಿಂದೆ ನಡುರಾತ್ರಿಯಿಂದಲೇ ಬಾಯಿ ಕಟ್ಟಬೇಕಿತ್ತು. 1957ರಲ್ಲಿ ಅದು ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ವಯಸ್ಸಾದವರಿಗೆ, ಕಾಯಿಲೆಯವರಿಗೆ ಆ ಒಂದು ಗಂಟೆಯ ಕಟ್ಟೂ ಇಲ್ಲ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಅಡಿಕೆಗೆ ಒಳ್ಳೆಯ ರೇಟು ಬಂದು ಮನೆ ಕಟ್ಟಿದ್ದಾಯಿತು, ಕಾರು ಬಂತು. ಮಗನ ಮದುವೆ ಪಾಸ್ಖ ಹಬ್ಬದ ನಂತರ. ರೋಸು, ಮದುವೆ, ರಿಸೆಪ್ಷನ್ ಸೇರಿ ಸಾವಿರಕ್ಕೂ ಹೆಚ್ಚು ಜನ ಆಗುತ್ತಾರೆ. ಒಂದು ಧ್ಯಾನಕೂಟದಲ್ಲಿ ಸರಳ ಜೀವನದ ಬಗ್ಗೆ ಕೇಳಿದ ಮೇಲೆ ನಿದ್ದೆ ಬರುತ್ತಿಲ್ಲ. ಸಿರಿ ಇಟ್ಟುಕೊಂಡು ಸರಳವಾಗಿರಲು ಆಗುತ್ತದೆಯೇ? ಖರ್ಚು ಕಡಿಮೆ ಮಾಡಲು ಈ ವರ್ಷ ಸುಲಿಯುವವರ ಕೂಲಿ ಏರಿಸದಿರೋಣ ಎಂದೂ ಯೋಚಿಸಿದ್ದೇನೆ.

ಉತ್ತರ: ಅಣ್ಣ, ಕಾಗದದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅದನ್ನು ಓದಿ ನನಗೂ ನಿದ್ದೆ ಬರಲಿಲ್ಲ. ಸುಲಿಯುವವರ ಕೂಲಿ ತಡೆಹಿಡಿದು ಉಳಿಸಿದ ದುಡ್ಡಿಗೆ ಸರಳತೆ ಎಂಬ ಹೆಸರು ಒಪ್ಪುವುದಿಲ್ಲ. ಗದ್ದೆ ಕೊಯ್ದವರ ತಡೆದ ಕೂಲಿಯೇ ದೇವರ ಕಿವಿಗೆ ಕೂಗುತ್ತದೆ ಎನ್ನುತ್ತಾನೆ ಸಂತ ಯಾಕೋಬ. ಪ್ರವಾದಿ ಯೆಶಾಯ ಇನ್ನೂ ನಿಷ್ಠುರ. ಉಪವಾಸದ ದಿನವೇ ಆಳುಗಳನ್ನು ಹಿಂಡುವವರ ಉಪವಾಸ ತನಗೆ ಬೇಡವೆಂದು ದೇವರೇ ಹೇಳಿದ್ದನ್ನು ಅವನು 58ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಬೆರಳು ಕಪ್ಪಾಗಿಸಿಕೊಂಡ ಹೆಂಗಸರ ಕೈಗಳನ್ನು ನೀವು ನನಗಿಂತ ಹತ್ತಿರದಿಂದ ನೋಡಿದ್ದೀರಿ. ಮೊದಲು ಅವರ ಕೂಲಿ ಏರಲಿ. ಆಮೇಲೆ ಉಳಿದದ್ದರಲ್ಲಿ ಮದುವೆ.

ಸಿರಿಯಿದ್ದೂ ಸರಳವಾಗಿರಬಹುದೇ ಎಂದರೆ, ಇರಬಹುದು, ಆದರೆ ತೀರಾ ಕಷ್ಟ. ಮನೆ, ಕಾರು ಮಾರಿ ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆಗೆ ರಾತ್ರಿ ಹೊತ್ತು ಯಾರಾದರೂ ಕೇಳಿದರೆ ಆ ಕಾರು ಹೊರಡುತ್ತದೆಯೇ ಎಂದು ಮಾತ್ರ ಕೇಳುತ್ತೇನೆ.

ಮದುವೆಯ ವಿಷಯಕ್ಕೆ ನೀವು ದೂರ ಹುಡುಕಬೇಕಾಗಿಲ್ಲ. ನಿಮ್ಮ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು ಮಂತ್ರ ಮಾಂಗಲ್ಯ ಎಂಬ ಸರಳ ವಿವಾಹ ಪದ್ಧತಿ ರೂಪಿಸಿ, 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಅದರಂತೆ ನಡೆಸಿದರು. ಅದ್ದೂರಿ, ವರದಕ್ಷಿಣೆ, ಸಾಲದ ಹೊರೆ ಏನೂ ಇಲ್ಲದ ಮದುವೆ. ನಮಗೆ ವಿವಾಹವು ಸಂಸ್ಕಾರವಾದ್ದರಿಂದ ಆ ವಿಧಿಯನ್ನು ತಂದು ಚರ್ಚಿನಲ್ಲಿ ಇಡಲಾಗದು, ಅದರ ಧೈರ್ಯವನ್ನು ತರಬಹುದು. ಕ್ರೈಸ್ತ ವಿವಾಹಕ್ಕೆ ಬೇಕಾದದ್ದು ವಧು, ವರ, ಗುರು, ಇಬ್ಬರು ಸಾಕ್ಷಿಗಳು, ದೇವರು. ಉಳಿದದ್ದೆಲ್ಲ ನಾವು ಸೇರಿಸಿದ್ದು.

ರೋಸು ಬಿಡಬೇಡಿ. ಮನೆಯಂಗಳದಲ್ಲಿ ಚಪ್ಪರ ಹಾಕಿ, ತೆಂಗಿನ ಹಾಲು ಹಚ್ಚಿ ಹಿರಿಯರು ಹರಸುವುದು ಚೆಂದ, ಅದಕ್ಕೆ ಖರ್ಚೂ ಇಲ್ಲ. ರಿಸೆಪ್ಷನ್ ಬಿಡಿ. ಊಟಕ್ಕೆ ಸುಲಿಯುವವರನ್ನೂ ಕೊನೆಗಾರರನ್ನೂ ಅವರ ಮನೆಯವರನ್ನೂ ಕರೆಯಿರಿ, ಕೊನೆಯ ಪಂಕ್ತಿಗಲ್ಲ, ಮೊದಲ ಪಂಕ್ತಿಗೆ. ಮಗನನ್ನೂ ಸೊಸೆಯಾಗುವವಳನ್ನೂ ಕೂರಿಸಿಕೊಂಡು ಈ ಮಾತು ಆಡಿ. ಸರಳತೆಯನ್ನು ಅಪ್ಪ ಮಗನ ಮೇಲೆ ಹೇರಿದರೆ ಅದೂ ಒಂದು ದರ್ಪವೇ.

ಪ್ರಶ್ನೆ: ನಮ್ಮ ಮಾವನವರು ತುಂಬಾ ಭಕ್ತರು. ತಪಸ್ಸು ಕಾಲದಲ್ಲಿ ಒಪ್ಪತ್ತು ಮಾಡುತ್ತಾರೆ. ಅವರಿಗೆ ಈರುಳ್ಳಿಯಿಲ್ಲದ ಅಡುಗೆ ಬೇರೆ, ಮಕ್ಕಳಿಗೆ ಬೇರೆ. ಹೊತ್ತು ಸ್ವಲ್ಪ ತಪ್ಪಿದರೂ ಸಿಡುಕುತ್ತಾರೆ. ಮನೆಗೆ ನೆಂಟರು ಬಂದರೆ "ನಾನು ಉಪವಾಸ" ಎಂದು ಒಳಗೆ ಹೋಗಿಬಿಡುತ್ತಾರೆ. ನನಗೆ ಈ 40 ದಿನ ಎಂದರೆ ಭಯ. ಹೀಗೆ ಅನ್ನಿಸುವುದು ಪಾಪವೇ?

ಉತ್ತರ: ಪಾಪವಲ್ಲ, ತಂಗಿ. ಅವರ ಉಪವಾಸದ ಬೆಲೆಯನ್ನು ನೀವು ತೆರುತ್ತಿದ್ದೀರಿ, ದಣಿವಾಗುವುದು ಸಹಜ.

ನಿಮ್ಮ ಮಾವನವರ ಭಕ್ತಿ ಸುಳ್ಳೆಂದು ನಾನು ಹೇಳಲಾರೆ, ಯಾಕೆಂದರೆ ನಾನೂ ಅದೇ ತಪ್ಪು ಮಾಡಿದವನು. ಗುರುದೀಕ್ಷೆಗೆ ಮುಂಚೆ ಒಂದು ವಾರ ಕಠಿಣ ಉಪವಾಸ ಹಿಡಿದಿದ್ದೆ. ನಾಲ್ಕನೆಯ ದಿನ, ಗಂಜಿ ತಂದಿಟ್ಟ ವಯಸ್ಸಾದ ಅಡುಗೆಯಾಕೆಯ ಮೇಲೆ ಉಪ್ಪು ಹೆಚ್ಚಾಯಿತೆಂದು ರೇಗಿದೆ. ಆಕೆ ಏನೂ ಅನ್ನದೆ ಬಟ್ಟಲು ತೆಗೆದುಕೊಂಡು ಹೋದರು. ಬೆಳಿಗ್ಗೆಯಿಂದ ಆಕೆಯೂ ಏನೂ ತಿಂದಿರಲಿಲ್ಲ ಎಂದು ಸಂಜೆ ಗೊತ್ತಾಯಿತು. ಕ್ಷಮೆ ಕೇಳಿದೆ, ಆಕೆ ನಕ್ಕರು. ಆ ನಗು ನನಗೆ ಇವತ್ತಿಗೂ ನೆನಪಿದೆ.

ನೆಂಟರ ವಿಷಯ ಮರಳುಗಾಡಿನ ತಪಸ್ವಿಗಳ ಕಾಲದಲ್ಲೇ ತೀರ್ಮಾನವಾಗಿದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಕಾಸಿಯನ್ ಎಂಬ ಯುವ ಸನ್ಯಾಸಿ ಈಜಿಪ್ಟಿಗೆ ಹೋದಾಗ, ಅವನು ಹೋದಲ್ಲೆಲ್ಲ ಹಿರಿಯರು ತಮ್ಮ ಉಪವಾಸ ಮುರಿದು ಜೊತೆಗೆ ಕೂತು ಉಂಡರಂತೆ. ಯಾಕೆ ಎಂದು ಕೇಳಿದ್ದಕ್ಕೆ ಒಬ್ಬ ಹಿರಿಯ, ಉಪವಾಸ ಯಾವಾಗಲೂ ನನ್ನ ಬಳಿಯೇ ಇರುತ್ತದೆ, ನೀನು ಹೊರಟುಹೋಗುವವನು ಎಂಬರ್ಥದಲ್ಲಿ ಉತ್ತರಿಸಿದ. ಅತಿಥಿ ಬಂದಾಗ ಎಲೆ ಹಾಕುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಳೆಯಿಂದ ಎರಡು ಅಡುಗೆ ಬೇಡ. ಮಕ್ಕಳಿಗೂ ಅವರಿಗೂ ಒಂದೇ ತಂಬುಳಿ, ಅನ್ನ ಸಾಕು. ಇದನ್ನು ಸೊಸೆಯಾಗಿ ನೀವು ಹೇಳುವುದು ಕಷ್ಟವೆಂದು ಗೊತ್ತು, ಹಾಗಾಗಿ ನಿಮ್ಮ ಯಜಮಾನರು ಹೇಳಲಿ. ಅವರು ಹೇಳದಿದ್ದರೆ ನಿಮ್ಮ ಧರ್ಮಕೇಂದ್ರದ ಸ್ವಾಮಿಗಳಿಗೆ ಪಾಪನಿವೇದನೆಯ ಹೊರಗೆ ತಿಳಿಸಿ. ಮತ್ತೆ ಈ ಪುಟವನ್ನು ಮಾವನವರು ಪೇಪರ್ ಓದುವ ಜಾಗದಲ್ಲಿ ಸುಮ್ಮನೆ ಮಡಚದೆ ಇಡಿ. ಓದಿದ ಮೇಲೆ ಅವರಿಗೆ ಬರೆಯಬೇಕೆನಿಸಿದರೆ, ಅವರ ಕಾಗದಕ್ಕೆ ಕಾಯುತ್ತಿರುತ್ತೇನೆ.