ಎರಡು ಗಂಗಾಪುರಗಳ ದಡದಲ್ಲಿ

ಗಂಗಾಪುರಕ್ಕೆ ಕಡಲಿಲ್ಲ. ಆದರೂ ದಡ ಹಿಡಿದು ಒಬ್ಬರೇ ನಡೆಯುತ್ತ ಕಾಡುಹೂ ನೋಡುವ ಹವ್ಯಾಸದ ಮಾತು ಬಂದರೆ ನನಗೆ ಗೋಕರ್ಣ, ಕಾರವಾರಗಳಿಗಿಂತ ಮೊದಲು ಮಹಾರಾಷ್ಟ್ರದ ಈ ಹೆಸರು ನೆನಪಾಗುತ್ತದೆ. ಹೆಸರು ಒಂದೇ, ಜಾಗ ಎರಡು. ತ್ರ್ಯಂಬಕದ ಬೆಟ್ಟದಿಂದ ಇಳಿದ ಗೋದಾವರಿಗೆ ನಾಸಿಕ ತಲುಪುವ ಮೊದಲೇ ಅಡ್ಡಲಾಗಿ ಒಂದು ಮಣ್ಣಿನ ಅಣೆಕಟ್ಟು ಇದೆ, ಅದು ಗಂಗಾಪುರ. ಅದೇ ಹೊಳೆ ಕೆಳಗಿಳಿದು ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ, ಕಾಯಗಾಂವ್ ಬಳಿ ಪ್ರವರಾ ನದಿಯನ್ನು ಕೂಡಿಕೊಳ್ಳುವ ಸೀಮೆಯೂ ಗಂಗಾಪುರ, ಇದು ತಾಲ್ಲೂಕು. ಪೈಠಣದ ಜಾಯಕವಾಡಿ ಜಲಾಶಯ ತುಂಬಿದಾಗ ಹಿನ್ನೀರು ಈ ತಾಲ್ಲೂಕಿನ ಅಂಚಿನವರೆಗೂ ಬರುತ್ತದೆ. ಕವಿರಾಜಮಾರ್ಗ ಕನ್ನಡನಾಡಿನ ಬಡಗಣ ಎಲ್ಲೆಯೆಂದು ಹೆಸರಿಸಿದ್ದು ಇದೇ ಗೋದಾವರಿಯನ್ನು. ಆ ಅಭಿಮಾನದ ಮಾತು ಅಷ್ಟಕ್ಕೇ ಇರಲಿ. ನನಗೆ ಬೇಕಾದ ಎಲ್ಲೆ ಬೇರೆ: ನೀರು ಮುಗಿದು ನೆಲ ಶುರುವಾಗುವ ಎಲ್ಲೆ. ಅದು ಇಲ್ಲಿ ಒಂದು ಕಡೆ ನಿಲ್ಲುವುದೇ ಇಲ್ಲ.

ಸಮುದ್ರದ ದಡದಲ್ಲಿ ಗಿಡಗಳು ಸಾಲಾಗಿ ನಿಲ್ಲುವುದನ್ನು ನಮ್ಮ ಕರಾವಳಿಯವರೆಲ್ಲ ಕಂಡಿರುತ್ತಾರೆ. ಅಲೆಯ ಕಡೆಗೆ ರಾವಣನ ಮೀಸೆ, ಅದರ ಜೊತೆಗೋ ಹಿಂದೆಯೋ ನೇರಳೆ ಹೂವಿನ ಅಡುಂಬು ಬಳ್ಳಿ, ಆಮೇಲೆ ಮುಂಡುಗ, ಅದರಾಚೆ ಸುರಹೊನ್ನೆ. ಈ ಸಾಲು ಉಪ್ಪಿನದು. ಉಪ್ಪನ್ನೂ ಸರಿದಾಡುವ ಮರಳನ್ನೂ ಯಾರು ಎಷ್ಟು ತಡೆದಾರು ಎಂಬುದರ ಮೇಲೆ ನಿಂತದ್ದು. ಈ ವರ್ಷ ನೋಡಿದ ಸಾಲು ಮುಂದಿನ ವರ್ಷವೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಅಣೆಕಟ್ಟಿನ ದಡದ ಸಾಲು ಹಾಗಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತುಂಬಿದ ನೀರು ಅಕ್ಟೋಬರಿನಿಂದ ಜೂನ್‌ವರೆಗೆ ಇಳಿಯುತ್ತಲೇ ಹೋಗುತ್ತದೆ. ನೀರು ಬಿಟ್ಟುಕೊಟ್ಟ ಹಸಿ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆ, ನೀರು ಇನ್ನೂ ಕೆಳಗೆ ಸರಿದರೆ ಅಲ್ಲಿ ಹೊಸ ಮೊಳಕೆ. ಹೀಗಾಗಿ ಫೆಬ್ರುವರಿಯಲ್ಲಿ ಮೇಲಿನ ಅಂಚಿನಿಂದ ನೀರಿನ ಕಡೆಗೆ ನಡೆದವರು ಬೀಜ ಉದುರಿಸಿ ಒಣಗಿದ ಗಿಡದಿಂದ ಕಾಯಿಯ ಗಿಡಕ್ಕೆ, ಕಾಯಿಯಿಂದ ಹೂವಿಗೆ, ಹೂವಿನಿಂದ ಎರಡೆಲೆಯ ಸಸಿಗೆ ಬರುತ್ತಾರೆ. ನಾಲ್ಕೈದು ತಿಂಗಳನ್ನು ಕಾಲಲ್ಲಿ ಅಳೆದ ಹಾಗೆ. ಈ ನಡಿಗೆಯಿಂದ ನಾನು ಕಲಿತದ್ದು ಮುಖ್ಯವಾಗಿ ಇಷ್ಟೇ: ದಡದುದ್ದಕ್ಕೂ ನಡೆಯಬಾರದು, ದಡಕ್ಕೆ ಅಡ್ಡಲಾಗಿ ನಡೆಯಬೇಕು. ಉದ್ದಕ್ಕೆ ನಡೆದರೆ ಒಂದೇ ವಯಸ್ಸಿನ ಹೂವು ಮೈಲಿಗಟ್ಟಲೆ ಸಿಗುತ್ತದೆ, ಕಣ್ಣಿಗೆ ಹಬ್ಬವೇ. ಅಡ್ಡ ನಡೆದರೆ ಹೂವು ಯಾಕೆ ಅಲ್ಲಿದೆ ಎಂಬುದು ತಿಳಿಯುತ್ತದೆ.

ಇದಕ್ಕೆ ಕುಕ್ಕರುಗಾಲಲ್ಲಿ ಕೂರಬೇಕು. ಚೇಳುಕೊಂಡಿ ಗಿಡವನ್ನೇ ತೆಗೆದುಕೊಳ್ಳಿ. ಅದರ ಹೂಗೊಂಚಲು ಚೇಳಿನ ಬಾಲದಂತೆ ಸುರುಳಿ ಸುತ್ತಿರುತ್ತದೆ. ಬುಡದಲ್ಲಿ ಆಗಲೇ ಕಾಯಿ ಕಟ್ಟಿದೆ, ನಡುವೆ ಅಕ್ಕಿಕಾಳಿಗಿಂತ ಚಿಕ್ಕ, ನಸುನೇರಳೆ ಛಾಯೆಯ ಬಿಳಿ ಹೂಗಳು ಜೋಡಿಸಾಲಾಗಿ ಅರಳಿವೆ, ತುದಿಯ ಸುರುಳಿಯಲ್ಲಿ ಮೊಗ್ಗು ಇನ್ನೂ ಬಿಚ್ಚಿಕೊಂಡಿಲ್ಲ. ಇಡೀ ದಡದಲ್ಲಿ ನಡೆದ ಸಂಗತಿ ಆ ಮೂರು ಅಂಗುಲದ ಕಡ್ಡಿಯಲ್ಲೂ ನಡೆದಿದೆ. ನೆಲಹಿಪ್ಪಲಿಯೂ ಹಾಗೆಯೇ: ಕಂದು ತಲೆಯ ಸುತ್ತ ಬಳೆಯಂತೆ ಒಂದು ಸುತ್ತು ಹೂವು, ದಿನ ಕಳೆದಂತೆ ಆ ಬಳೆ ಮೇಲೇರುತ್ತದೆ, ತಲೆ ಉದ್ದವಾಗುತ್ತದೆ. ಮುಂಡಿಯ ಗುಲಾಬಿ-ನೇರಳೆ ಗುಂಡುಗಳು ಚಳಿಗಾಲ ಕಳೆಯುವಾಗ ಒಣಗುತ್ತಿರುವ ಮಣ್ಣಿನಲ್ಲಿ ಎದ್ದು ಕಾಣುತ್ತವೆ. ನೆಲಕ್ಕೆ ಅಂಟಿಕೊಂಡು ಎಸಳಿಲ್ಲದ ಹಳದಿ ಗುಂಡಿ ಹೊಲಿದಂತೆ ಅರಳುವ ಇನ್ನೊಂದಿದೆ, ಸಸ್ಯಶಾಸ್ತ್ರದವರು ಅದನ್ನು ಗ್ರ್ಯಾಂಜಿಯಾ ಮದರಾಸ್‌ಪಟಾನಾ ಎನ್ನುತ್ತಾರೆ. ಗೋದಾವರಿಯ ಕೆಸರಿನಲ್ಲಿ ಮದರಾಸುಪಟ್ಟಣದ ಹೆಸರು ಹೊತ್ತ ಹೂವು! ಹೆಸರು ಗೊತ್ತಿಲ್ಲದಿದ್ದರೂ ನಷ್ಟವಿಲ್ಲ. ಗಿಡ ನೀರಿನಿಂದ ಎಷ್ಟು ಹೆಜ್ಜೆ ದೂರ, ಹೂವೋ ಕಾಯಿಯೋ, ಮಣ್ಣು ಬಿರುಕು ಬಿಟ್ಟಿದೆಯೋ ಇಲ್ಲವೋ, ಇಷ್ಟು ಬರೆದುಕೊಂಡರೆ ಹೆಸರನ್ನು ಮನೆಗೆ ಬಂದ ಮೇಲೂ ಹುಡುಕಬಹುದು. ಹೆಸರಷ್ಟೇ ಬರೆದುಕೊಂಡು ಬಂದವರಿಗೆ ಉಳಿದದ್ದು ಮನೆಯಲ್ಲಿ ಸಿಗುವುದಿಲ್ಲ.

ಇದೆಲ್ಲ ಪ್ರಕೃತಿಯೇ ಅಲ್ಲ, ಸರ್ಕಾರದ ಗೇಟಿನ ಆಟ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಜೊತೆಗೆ ಇಲ್ಲಿ ಹೂಬಿಡುವ ಗಿಡಗಳಲ್ಲಿ ಎಷ್ಟೋ ಹೊರಗಿನಿಂದ ಬಂದವು. ಒಣ ಅಂಚಿನಲ್ಲಿ ಹಳದಿಯಾಗಿ ಅರಳುವ ಅರಿಶಿನ ಉಮ್ಮತ್ತಿ ಮೆಕ್ಸಿಕೋ ಕಡೆಯದು. ನೀರಂಚಿನಲ್ಲಿ ತಿಳಿಗುಲಾಬಿ ಹೂವು ಬಿಟ್ಟು ಪೊದೆಯಾಗಿ ಬೆಳೆಯುವ, ಮರಾಠಿಯವರು ಬೇಶರಮ್ ಎಂದು ಬೈಯುವ ಗಿಡ ದಕ್ಷಿಣ ಅಮೆರಿಕದ್ದು. ನಮ್ಮ ಕಾಂಗ್ರೆಸ್ ಗಿಡವನ್ನು ಅವರು ಗಾಜರ್ ಗವತ್ ಎನ್ನುತ್ತಾರೆ. ಅದು 1950ರ ದಶಕದ ನಡುವೆ ಪುಣೆಯಲ್ಲಿ ಕಂಡುಬಂದು ದೇಶವೆಲ್ಲ ಹಬ್ಬಿತು. ಆದರೆ ಚೇಳುಕೊಂಡಿ, ನೆಲಹಿಪ್ಪಲಿ, ಮುಂಡಿಗಳು ಅಣೆಕಟ್ಟಿನ ಜೊತೆ ಬಂದವಲ್ಲ. ಹೊಳೆಯ ಪಾತ್ರದಲ್ಲಿ, ಕೆರೆಯ ಅಂಗಳದಲ್ಲಿ, ಕೊಯ್ಲಾದ ಗದ್ದೆಯಲ್ಲಿ, ಅಂದರೆ ನೀರು ಬಂದು ಹೋಗುವ ಕಡೆಯಲ್ಲೆಲ್ಲ ಇದ್ದಂಥವು. ಅಣೆಕಟ್ಟು ಅವುಗಳ ಜಾಗವನ್ನು ದೊಡ್ಡದು ಮಾಡಿತು, ಅಷ್ಟೇ. ಬೇಶರಮ್ ಇರುವುದೂ ಒಂದು ಸುದ್ದಿಯೇ: ಮೇಕೆ ಬಾಯಿಡದ ಗಿಡ ಅಂಚನ್ನೆಲ್ಲ ಆವರಿಸಿದೆ ಎಂದರೆ ಉಳಿದದ್ದನ್ನು ಮೇಕೆ ಮೇಯ್ದು ಮುಗಿಸಿರಬಹುದೇ ಎಂದು ಕೇಳಿಕೊಳ್ಳಲು ಅದು ಕಾರಣ ಕೊಡುತ್ತದೆ. ಸೊಗಸಿನದು ಮಾತ್ರ ಹೂವು ಎಂದು ಹೊರಟರೆ ಈ ಪ್ರಶ್ನೆಯೇ ಏಳುವುದಿಲ್ಲ.

ಹೂವೇ ಬೇಕಿದ್ದರೆ ಸಾತಾರದ ಕಾಸ್ ಪ್ರಸ್ಥಭೂಮಿ ಇದೆಯಲ್ಲ, 2012ರಲ್ಲಿ ಪಶ್ಚಿಮಘಟ್ಟದ ತಾಣಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು? ನಾಸಿಕದ ಹತ್ತಿರವೇ ಅಂಜನೇರಿ ಬೆಟ್ಟವೂ ಇದೆ. ಅದರ ಹೆಸರನ್ನೇ ಹೊತ್ತ ಸೆರೋಪೀಜಿಯಾ ಅಂಜನೇರಿಕಾ ಎಂಬ ಪುಟ್ಟ ಗಿಡವನ್ನು ಹೊಸ ಪ್ರಭೇದವೆಂದು 2006ರಲ್ಲಿ ಪ್ರಕಟಿಸಿದರು. ಅಲ್ಲಿಗೆಲ್ಲ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಮೊದಲ ಪಾಠಕ್ಕೆ ಅಲ್ಲಿಗೆ ಹೋಗಬಾರದು ಎನ್ನುತ್ತೇನೆ. ಕಾಲ ಕೆಳಗೆ ಏನಿದೆ ಎಂದು ನೋಡಲು ಬಾರದವರು ಅಂಜನೇರಿಯಲ್ಲಿ ಒಂದು ತಪ್ಪು ಹೆಜ್ಜೆ ಇಟ್ಟರೆ ಜಗತ್ತಿನಲ್ಲಿ ಬಹಳ ಕಡಿಮೆ ಇರುವ ಒಂದು ಗಿಡ ಹೋಗಬಹುದು. ಹಿನ್ನೀರಿನ ನೆಲದಲ್ಲಿ ಹತ್ತು ಗ್ರ್ಯಾಂಜಿಯಾ ತುಳಿದರೂ ಹೋಗುವುದೇನಿಲ್ಲ. ಮುಂದಿನ ಮಳೆಗಾಲದಲ್ಲಿ ಅವು ಹೇಗೂ ಮುಳುಗುವಂಥವು.

ಒಬ್ಬರೇ ಯಾಕೆ ಎಂಬುದಕ್ಕೆ ನನ್ನ ಉತ್ತರ ಸರಳ. ಜೊತೆಗೆ ಮೂವರಿದ್ದರೆ ನಡಿಗೆಯ ವೇಗವನ್ನು ಮಾತು ನಿರ್ಧರಿಸುತ್ತದೆ, ಮತ್ತೆ ಮತ್ತೆ ಕೂತು ಏಳುವವರು ಹಿಂದುಳಿಯುತ್ತಾರೆ, ಇಲ್ಲವೇ ಉಳಿದವರಿಗಾಗಿ ಕೂರುವುದನ್ನೇ ಬಿಡುತ್ತಾರೆ. ಅಪಾಯ ಇಲ್ಲದಿಲ್ಲ. ಈ ಕಡೆಯ ಕಪ್ಪು ಮಣ್ಣು ಮೇಲೆ ಹಪ್ಪಳದಂತೆ ಒಣಗಿ ಬಿರಿದಿದ್ದರೂ ಕೆಳಗೆ ಕೆಸರು ಹಾಗೇ ಇರಬಹುದು, ಕಾಲು ಹೂತರೆ ಎಳೆಯಲು ಯಾರೂ ಇರುವುದಿಲ್ಲ. ಇದಕ್ಕೂ ಗಿಡವನ್ನೇ ನಂಬಬಹುದು: ಬೇರೂರಿದ ಕೊನೆಯ ಸಾಲಿನ ಆಚೆಗೆ, ಎರಡೆಲೆಯ ಸಸಿಯೂ ಇಲ್ಲದ ನುಣುಪು ಮಣ್ಣಿಗೆ ಕಾಲಿಡಬಾರದು. ಒಂಟಿಯಾಗಿ ಅಲೆಯುವ ಸಲೀಸು ಹೆಣ್ಣುಮಕ್ಕಳಿಗೆ ಗಂಡಸರಿಗಿರುವಷ್ಟು ಇಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಇಂಥ ಉಪಾಯವಿಲ್ಲ. ಅದು ನಿಜ. ಇಬ್ಬರು ಹೋಗಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಬೇರೆ ಬೇರೆ ನಡೆಯುವುದು ಅರ್ಧ ಪರಿಹಾರ.

ಈ ಸಾಲನ್ನು ಓದುವುದು ಪುರುಸೊತ್ತಿದ್ದವರ ಹವ್ಯಾಸ ಎನ್ನುವವರಿಗೆ ಜಾಯಕವಾಡಿಯ ರೈತರನ್ನು ತೋರಿಸಬೇಕು. ಆ ಜಲಾಶಯ ತಟ್ಟೆಯಂತೆ ಹರವಾದದ್ದು, ತುಂಬಿದಾಗ ಸುಮಾರು 350 ಚದರ ಕಿಲೋಮೀಟರ್. ನೀರು ಸ್ವಲ್ಪ ಇಳಿದರೂ ನೆಲ ದೂರದವರೆಗೆ ತೆರೆದುಕೊಳ್ಳುತ್ತದೆ. ಹಾಗೆ ತೆರೆದ ಹೂಳು ನೆಲಕ್ಕೆ ಮರಾಠಿಯಲ್ಲಿ ಗಾಳಪೇರ್ ಎನ್ನುತ್ತಾರೆ. ನೀರಿನ ಬೆನ್ನಿಗೇ ಹೋಗಿ ಅದನ್ನು ಬಿತ್ತುವವರಿದ್ದಾರೆ, ಹಾಗೆ ಬಿತ್ತುವವರಲ್ಲಿ ಅಣೆಕಟ್ಟಿಗೆ ಭೂಮಿ ಕಳೆದುಕೊಂಡವರೂ ಇದ್ದಾರೆ. ಯಾವ ತೇವಕ್ಕೆ ಯಾವ ಬೀಜ ಎಂಬ ಲೆಕ್ಕ ಅವರದ್ದೂ ಹೌದು, ಚೇಳುಕೊಂಡಿಯದ್ದೂ ಹೌದು.

ಆ ಲೆಕ್ಕ ತಪ್ಪುವುದು ಮಳೆಯಿಂದ ಮಾತ್ರವಲ್ಲ. 2014ರ ಆದೇಶದ ಪ್ರಕಾರ ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯಲ್ಲಿ ಬಳಕೆಯ ನೀರು ಶೇಕಡಾ 65ಕ್ಕಿಂತ ಕಡಿಮೆ ಇದ್ದರೆ ಮೇಲಿನ ಅಣೆಕಟ್ಟುಗಳು ನೀರು ಬಿಡಬೇಕು. ನಾಸಿಕದವರು ಕೊಡೆವು ಎನ್ನುತ್ತಾರೆ, ಮರಾಠವಾಡದವರು ನಮ್ಮ ಪಾಲು ಎನ್ನುತ್ತಾರೆ, ಜಗಳ ಕೋರ್ಟಿಗೂ ಹೋಗುತ್ತದೆ. 2023ರ ಕೊನೆಗೆ ಹೀಗೆ 8.6 ಟಿಎಂಸಿ ಬಿಡುವಂತೆ ಆದೇಶವಾದಾಗ ಗಂಗಾಪುರ ಅಣೆಕಟ್ಟು ಸಮೂಹದ ಪಾಲು ಅರ್ಧ ಟಿಎಂಸಿ. ಸುಮಾರು ಐದೂವರೆ ಟಿಎಂಸಿ ಬಳಕೆಯ ನೀರು ಹಿಡಿಯುವ ಅಣೆಕಟ್ಟಿಗೆ ಅರ್ಧವೂ ಸಣ್ಣದಲ್ಲ. ಅಂಥ ವರ್ಷ ಮೇಲಿನ ಗಂಗಾಪುರದಲ್ಲಿ ಕೆಲವೇ ದಿನಗಳಲ್ಲಿ ಅಗಲವಾದ ಒಂದು ಪಟ್ಟಿ ನೆಲ ಒಟ್ಟಿಗೇ ತೆರೆದುಕೊಳ್ಳುತ್ತದೆ, ಅಲ್ಲಿ ಎದ್ದ ಗಿಡಗಳೆಲ್ಲ ಒಂದೇ ವಯಸ್ಸಿನವು. ಕೆಳಗಿನ ಗಂಗಾಪುರದ ಕಡೆ ಇಳಿಯುತ್ತಿದ್ದ ನೀರು ಒಂದಿಷ್ಟು ಹಿಂದಕ್ಕೆ ಬರುತ್ತದೆ, ಆಗತಾನೇ ಎರಡೆಲೆ ಬಿಟ್ಟ ಕೊನೆಯ ಸಾಲು ಅದರಡಿಗೆ ಹೋಗುತ್ತದೆ.