ಎಲೆ ಮುದುರಿದ್ದು ಮೇಲಕ್ಕೋ, ಕೆಳಕ್ಕೋ?

ತಾರಸಿಯ ಕುಂಡದಲ್ಲಿ ಬೆಳೆಸಿದ ಬ್ಯಾಡಗಿ ಮೆಣಸಿನ ಗಿಡದ ಎಲೆ ಮುದುರುತ್ತಿದೆ, ಎಷ್ಟು ಗೊಬ್ಬರ ಹಾಕಿದರೂ ಚೇತರಿಸುತ್ತಿಲ್ಲ ಎಂಬುದು ಓದುಗರೊಬ್ಬರ ಅಳಲು. ಮೊದಲು ಗೊಬ್ಬರ ನಿಲ್ಲಲಿ. ಸಾರಜನಕ ಹೆಚ್ಚಿದಷ್ಟೂ ಚಿಗುರು ಮೆತ್ತಗಾಗಿ, ರಸ ಹೀರುವ ನುಸಿಗಳಿಗೆ ಹಬ್ಬ. ಎಲೆ ಹೀಗೆ ಮುದುರುವುದನ್ನು ರೈತರು ಮುಟುರು ರೋಗ ಎನ್ನುತ್ತಾರೆ.

ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಕೆಳಕ್ಕೆ ಬಾಗಿ, ದೋಣಿ ಮಗುಚಿದಂತೆ ಕಂಡು, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಈ ವ್ಯತ್ಯಾಸ ನೋಡದೆ ಔಷಧಿ ಹೊಡೆದರೆ ದುಡ್ಡು ದಂಡ. ಮೈಟ್ ಜೇಡದ ಬಳಗದ್ದು. ಹಲವು ಕೀಟನಾಶಕಗಳಿಗೆ ಜಗ್ಗುವುದಿಲ್ಲ. ಅದಕ್ಕೆ ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಬೇಕು. ಥ್ರಿಪ್ಸ್‌ಗಾದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಜೊತೆಗೆ ತುಸು ಸೋಪು. ಎರಡರ ನಡುವೆ ಕನಿಷ್ಠ 2 ವಾರ ಬಿಡದಿದ್ದರೆ ಎಲೆ ಸುಟ್ಟೀತು.

ಎಲೆ ಕಿರಿದಾಗಿ, ಹಳದಿಗೆ ತಿರುಗಿ, ಗಿಡ ಗಿಡ್ಡವಾಗಿಯೇ ನಿಂತಿದ್ದರೆ ಬಿಳಿನೊಣ ಹರಡುವ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ. ಕೈಯಾರೆ ಬೆಳೆಸಿದ್ದನ್ನು ಕೀಳಲು ಮನಸ್ಸು ಬಾರದು, ನಿಜ. ಪಕ್ಕದ ಕುಂಡಗಳ ಸಲುವಾಗಿ ಕೀಳಲೇಬೇಕು.

ನುಸಿಯಷ್ಟೇ ಆಗಿದ್ದರೆ ಹಳೆ ಎಲೆ ನೆಟ್ಟಗಾಗಲೆಂದು ಕಾಯುವುದು ಬೇಡ, ಹೊಸ ಚಿಗುರನ್ನು ನೋಡುತ್ತಿರಲಿ.