ಮೇಧಾವಿಯ ಮರೆಯ ಕಷ್ಟಗಳು

ಬುದ್ಧಿವಂತರಿಗೆ ಕಷ್ಟವೆಲ್ಲಿಯದೆಂದು ಕೇಳುವವರೇ ನಮ್ಮಲ್ಲಿ ಬಹುಮಂದಿ. ನಮ್ಮ ವಡ್ಡು ಗ್ರಾಮದ ಕಡೆ ಮಗ್ಗಿಯನ್ನು ತಪ್ಪದೆ ಒಪ್ಪಿಸುವ ಹುಡುಗನನ್ನು ಊರೆಲ್ಲ ಕೊಂಡಾಡುತ್ತದೆ. ಆಟಕ್ಕೆ ಕರೆಯುವವರು ಮಾತ್ರ ವಿರಳವೆಂಬುದನ್ನು ನಾನು ಕಂಡಿದ್ದೇನೆ.

ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ಅವರ ಗ್ರಂಥವೊಂದು, ಅವರ ಮರಣಾನಂತರ 1942ರಲ್ಲಿ ಹೊರಬಂದುದು, ಬುದ್ಧಿಲಬ್ಧ 180ನ್ನು ಮೀರಿದ ಮಕ್ಕಳನ್ನು ಕುರಿತದ್ದು. ಇಂಥ ಮಗುವಿಗೆ ಓರಗೆಯವರೊಡನೆ ಮಾತು ಹೊಂದದು, ಹಿರಿಯರು ಸೇರಿಸಿಕೊಳ್ಳರು. ಪಾಠವೆಲ್ಲ ಮೊದಲೇ ತಿಳಿದಿರುವುದರಿಂದ ತರಗತಿಯಲ್ಲಿ ಬೇಸರ. ಶ್ರಮಪಡುವ ಅಭ್ಯಾಸವೇ ಬೆಳೆಯದು. ಈ ಕಡೆಯ ಮಾತನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕೆಂದು ನನ್ನ ಅರಿಕೆ.

ನಮ್ಮ ನಾಡಿನ ನಿದರ್ಶನವೆಂದರೆ 1929ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾದೇವಿ. ತಂದೆ ಸರ್ಕಸ್ಸಿನವರು. ಮಗಳು ಶಾಲೆಯ ಬೆಂಚಿಗಿಂತ ಮೊದಲು ವೇದಿಕೆಯನ್ನು ಕಂಡಳು; ಆ ಬಾಲೆಯ ಲೆಕ್ಕದಿಂದಲೇ ಮನೆಗೆ ಸಂಪಾದನೆ! 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದುದು ಸರ್ವವಿದಿತ. ಅಷ್ಟು ವಿದಿತವಲ್ಲದ್ದು ಇನ್ನೊಂದುಂಟು. 1988ರಲ್ಲಿ ಬರ್ಕ್ಲಿಯ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದರು. ದೀಪ ಬೆಳಗಿದೊಡನೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವೇನೂ ಆಗಿರಲಿಲ್ಲ. ಒಂದರಲ್ಲಿ ಜಾಣರಾದವರು ಎಲ್ಲದರಲ್ಲಿಯೂ ಜಾಣರಿರಬೇಕೆಂಬ ನಿರೀಕ್ಷೆಯನ್ನು ಮಾತ್ರ ಜನರು ಇಂಥವರ ತಲೆಯ ಮೇಲೆ ಹೊರಿಸುತ್ತಲೇ ಇರುತ್ತಾರೆ.